ನಮ್ಮ ತಾಲ್ಲೂಕಿನ ಮಳೆ, ನಮ್ಮ ಮೇಜಿನ ಕಂಪ್ಯೂಟರ್: ಪ್ರಾದೇಶಿಕ ಹವಾಮಾನ ಮಾದರಿ ಕಲಿಯುವವರಿಗೆ

2009ರ ಮುಂಗಾರು ನಮ್ಮ ಭಾಗದವರಿಗೆ ನೆನಪಿರಬೇಕು. ದೇಶದ ಲೆಕ್ಕದಲ್ಲಿ ಅದು ಬರದ ವರ್ಷ. ವಾಡಿಕೆಯ ಶೇಕಡಾ 78ರಷ್ಟು ಮಾತ್ರ ಮಳೆ ಬಂತು. ಆದರೆ ಅದೇ ವರ್ಷ ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹುಟ್ಟುವ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂತು. ದೇಶಕ್ಕೆಲ್ಲ ಸೇರಿ ಒಂದೇ ಅಂಕಿ ಕೊಟ್ಟಾಗ ಕಲಬುರಗಿ, ಬೀದರ್, ಯಾದಗಿರಿಯ ಕಥೆ ಅದರಲ್ಲಿ ಕಾಣುವುದೇ ಇಲ್ಲ.

ಇಡೀ ಭೂಮಿಯ ಗಾಳಿ, ಮಳೆ, ಉಷ್ಣತೆಯನ್ನು ಕಂಪ್ಯೂಟರಿನಲ್ಲಿ ಸೂತ್ರಗಳಿಂದ ಲೆಕ್ಕ ಹಾಕುವ ಜಾಗತಿಕ ಹವಾಮಾನ ಮಾದರಿಗಳಲ್ಲೂ ಇದೇ ತೊಂದರೆ. ಅವು ಭೂಮಿಯನ್ನು ಸುಮಾರು 100ರಿಂದ 200 ಕಿ.ಮೀ. ಅಗಲದ ಚೌಕಗಳಾಗಿ ಕತ್ತರಿಸುತ್ತವೆ. ನಮ್ಮ ಮೂರು ಜಿಲ್ಲೆಗಳ ವಿಸ್ತೀರ್ಣ ಕೂಡಿಸಿದರೆ 21,000 ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. 150 ಕಿ.ಮೀ.ಯ ಒಂದೇ ಚೌಕದಷ್ಟು ಜಾಗ ಅದು. ಹುಮನಾಬಾದಿನ ಮಸಾರಿ, ಜೇವರ್ಗಿಯ ಎರೆ ಭೂಮಿ, ಶಹಾಪುರದ ನೀರಾವರಿ ಗದ್ದೆ ಎಲ್ಲಕ್ಕೂ ಒಂದೇ ಮಳೆ! ಇಷ್ಟೇ ಅಲ್ಲ. ಅಷ್ಟು ದೊಡ್ಡ ಚೌಕದಲ್ಲಿ ಪಶ್ಚಿಮ ಘಟ್ಟ ಕರಗಿ ಒಂದು ಸಣ್ಣ ದಿಬ್ಬವಾಗಿಬಿಡುತ್ತದೆ. ನಾವು ಇರುವುದು ಆ ಘಟ್ಟದ ಮಳೆ ನೆರಳಿನಲ್ಲಿ. ಘಟ್ಟವೇ ಸರಿಯಾಗಿ ಇಲ್ಲದಿದ್ದರೆ ನೆರಳು ಎಲ್ಲಿಂದ ಬರಬೇಕು?

ಪ್ರಾದೇಶಿಕ ಮಾದರಿ ಇಲ್ಲಿ ನೆರವಿಗೆ ಬರುತ್ತದೆ. ಅದು ಭೂಮಿಯ ಒಂದು ತುಂಡನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆ ತುಂಡಿನ ಅಂಚಿನಲ್ಲಿ ಗಾಳಿ, ತೇವ, ಉಷ್ಣತೆ ಹೇಗಿದೆ ಎಂಬುದನ್ನು ಜಾಗತಿಕ ಮಾದರಿಯಿಂದ ಪಡೆದು, ಒಳಗಿನದನ್ನು 50, 25 ಅಥವಾ ಇನ್ನೂ ಸಣ್ಣ ಕಿ.ಮೀ. ಚೌಕಗಳಲ್ಲಿ ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ದೊಡ್ಡ ಸಂಸ್ಥೆ, ಕೋಟಿಗಟ್ಟಲೆ ಹಣ ಬೇಕು ಅಂತ ನಮ್ಮ ವಿದ್ಯಾರ್ಥಿಗಳು ಹಿಂಜರಿಯುವುದನ್ನು ನೋಡಿದ್ದೇನೆ. ಕಲಬುರಗಿಯಲ್ಲೇ ಕೂತು ಗಟ್ಟಿ ಕೆಲಸ ಮಾಡಲು ಸಾಧ್ಯವಿದೆ. ಆದರೆ ಶುರು ಮಾಡುವ ಜಾಗ ಸರಿಯಿರಬೇಕು. ಹೆಚ್ಚಿನವರು ಮೊದಲ ದಿನವೇ ಮಾದರಿಯನ್ನು ಡೌನ್‌ಲೋಡ್ ಮಾಡಿ ಕೂರುತ್ತಾರೆ. ನನ್ನ ಕೇಳಿದರೆ ಅದು ಆರನೇ ಕೆಲಸ.

ಮೊದಲು ಪ್ರಶ್ನೆ

"ಕಲ್ಯಾಣ ಕರ್ನಾಟಕದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ" ಎಂಬುದು ಪ್ರಶ್ನೆಯಲ್ಲ, ಬರೀ ತಲೆಬರಹ. ಅಳೆದು ಉತ್ತರಿಸುವಂಥ ಪ್ರಶ್ನೆ ಬೇಕು. ಈ ಲೇಖನದ ಉದ್ದಕ್ಕೂ ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ: ಮುಂಗಾರಿನ ನಡುವೆ ಮಳೆ ಕೈಕೊಡುವ ದಿನಗಳ ಸರಣಿ ಮುಂದೆ ಉದ್ದವಾಗುತ್ತದೆಯೇ?

ಒಣ ದಿನ ಅಂದರೆ ಯಾವುದು? ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಳೆ ದಿನ. ಅದಕ್ಕಿಂತ ಕಡಿಮೆಯಾದರೆ ನಾವು ಒಣ ದಿನ ಅನ್ನೋಣ. ಎಷ್ಟು ಒಣ ದಿನ ಸಾಲಾಗಿ ಬಂದರೆ ತೊಂದರೆ? ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ಹೊಲ ಹೇಳಬೇಕು. ಆಳಂದದ ಕಡೆ ಆಳವಾದ ಎರೆಯಲ್ಲಿ ಬೇರು ಇಳಿಸಿದ ತೊಗರಿ ಹತ್ತು ದಿನಕ್ಕೆ ಹೆದರುವುದಿಲ್ಲ. ಅದೇ ಹತ್ತು ದಿನ ಬೀದರಿನ ತೆಳು ಮಸಾರಿಯ ಹೆಸರಿಗೆ, ಉದ್ದಿಗೆ ಹೊಡೆತ. ಹಾಗಾಗಿ ಬೆಳೆಗೂ ಮಣ್ಣಿಗೂ ತಕ್ಕಂತೆ 10 ದಿನ, 15 ದಿನ, 20 ದಿನ ಎಂದು ಬೇರೆ ಬೇರೆ ಗೆರೆ ಇಟ್ಟುಕೊಳ್ಳಿ. ಗೆರೆ ಎಳೆಯುವ ಮುಂಚೆ ನಾಲ್ಕು ಊರಿನ ರೈತರ ಜೊತೆ ಕೂತು ಮಾತಾಡಿ. ಕೃಷಿ ಸಂಶೋಧನಾ ಕೇಂದ್ರದವರನ್ನೂ ಕೇಳಿ.

ಕಾಲವನ್ನು ಹಂಚುವಾಗ ಜೂನ್, ಜುಲೈ ಅಂತ ಹೋಗಬೇಡಿ ಅನ್ನುವುದು ನನ್ನ ಸಲಹೆ. ನಮ್ಮ ರೈತರು ಮಳೆ ನಕ್ಷತ್ರದಲ್ಲಿ ಲೆಕ್ಕ ಹಾಕುತ್ತಾರೆ. ಮಿರಗ ಜೂನ್ 8ರ ಸುಮಾರಿಗೆ ಕೂಡುತ್ತದೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ. ಒಂದೊಂದಕ್ಕೂ ಹದಿಮೂರು, ಹದಿನಾಲ್ಕು ದಿನ. ಸೂರ್ಯನ ಚಲನೆಯ ಮೇಲೆ ನಿಂತ ಹಂಚಿಕೆಯಾದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಕಂಪ್ಯೂಟರಿಗೆ ಇದು ಸಲೀಸು. ತಿಂಗಳಿಗಿಂತ ಸಣ್ಣ ಅಳತೆ ಬೇರೆ. ಫಲಿತಾಂಶ ಹೇಳುವಾಗ "ಮಘಾ, ಹುಬ್ಬಿಯಲ್ಲಿ ಒಣ ಸರಣಿ ಉದ್ದವಾಗುತ್ತಿದೆ" ಅಂದರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ತಿಳಿಯುತ್ತದೆ.

ನಮ್ಮ ಮಳೆಯ ದಾಖಲೆ ಕೈಗೆ ಬರಲಿ

ಹವಾಮಾನ ಇಲಾಖೆ ಪುಣೆ ಕಚೇರಿಯ ಜಾಲತಾಣದಲ್ಲಿ ದಿನವಹಿ ಮಳೆಯನ್ನು 0.25 ಡಿಗ್ರಿ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. 1901ರಿಂದ ಇದೆ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕ ಸುಮಾರು 27 ಕಿ.ಮೀ. ಅಗಲ. ಉಷ್ಣತೆ 1 ಡಿಗ್ರಿ ಚೌಕದಲ್ಲಿ 1951ರಿಂದ ಸಿಗುತ್ತದೆ. ಮಳೆಯ ಕಡತದಲ್ಲಿ −999 ಕಂಡರೆ ಅದು ದಾಖಲೆ ಇಲ್ಲದ ಜಾಗ. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಎಲ್ಲ ಕೆಡುತ್ತದೆ.

ಇದರ ಜೊತೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ವರ್ಷಗಳು ಕಡಿಮೆ, ಆದರೆ ಊರಿಗೆ ಹತ್ತಿರ. ಕಾಲೇಜಿನ ಪತ್ರ ಕೊಟ್ಟು ಕೇಳಿ. ಉಪಗ್ರಹದ ನೆರವಿನಿಂದ ಮಾಡಿದ ಚಿರ್ಪ್ಸ್ ಮಳೆ ಮಾಹಿತಿ 1981ರಿಂದ 0.05 ಡಿಗ್ರಿಯಲ್ಲಿದೆ. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಒಂದರ ಹುಳುಕು ಇನ್ನೊಂದರಲ್ಲಿ ಗೊತ್ತಾಗುತ್ತದೆ.

ಕೆಲವು ಎಚ್ಚರಿಕೆಗಳು. ಹಳೆಯ ಕಡತಗಳಲ್ಲಿ ಕಲಬುರಗಿ ಎಂದು ಹುಡುಕಿದರೆ ಏನೂ ಸಿಗದಿರಬಹುದು. 2014ರ ನವೆಂಬರ್ 1ರವರೆಗೆ ಅದು ಗುಲ್ಬರ್ಗಾ. ಯಾದಗಿರಿ ಕೂಡ 2009ರ ಕೊನೆಯವರೆಗೆ ಗುಲ್ಬರ್ಗಾ ಜಿಲ್ಲೆಯ ಒಳಗೇ ಇತ್ತು. ಹಾಗಾಗಿ ಜಿಲ್ಲಾವಾರು ಮಳೆ ಪಟ್ಟಿಯಲ್ಲಿ 2010ರ ಹೊತ್ತಿಗೆ ಒಂದು ಜಿಗಿತ ಕಂಡರೆ, ಅದು ಹವಾಮಾನದ ಬದಲಾವಣೆಯೋ ನಕ್ಷೆಯ ಬದಲಾವಣೆಯೋ ಅಂತ ಮೊದಲು ನೋಡಿ. ಜಿಲ್ಲೆಯ ಹೆಸರನ್ನು ನಂಬುವ ಬದಲು ಇಂದಿನ ಗಡಿಯೊಳಗೆ ಬೀಳುವ ಚೌಕಗಳನ್ನು ನೀವೇ ಆರಿಸಿ. ಇನ್ನೊಂದು: ದಶಕದಿಂದ ದಶಕಕ್ಕೆ ಮಳೆಮಾಪಕಗಳ ಸಂಖ್ಯೆ ಬದಲಾಗಿದೆ. ಮಾಪಕ ಹೆಚ್ಚಿದ್ದಕ್ಕೇ ಕೆಲವೊಮ್ಮೆ ಭಾರಿ ಮಳೆ ಹೆಚ್ಚಿದಂತೆ ಕಾಣುತ್ತದೆ.

ಯಂತ್ರ, ತಂತ್ರಾಂಶ

ಇದನ್ನು ಬೇಗ ಮುಗಿಸುತ್ತೇನೆ. 16 ಜಿಬಿ ಮೆಮೊರಿ ಇರುವ ಸಾಮಾನ್ಯ ಕಂಪ್ಯೂಟರ್ ಸಾಕು. ಲಿನಕ್ಸ್ ಬೇಕು, ಉಬುಂಟು ಒಳ್ಳೆಯದು. ವಿಂಡೋಸ್ ಬಿಡಲು ಮನಸ್ಸಿಲ್ಲದಿದ್ದರೆ ಅದರೊಳಗೇ ಲಿನಕ್ಸ್ ನಡೆಸಬಹುದು. ಹವಾಮಾನದ ಕಡತಗಳು ಹೆಚ್ಚಾಗಿ ನೆಟ್‌ಸಿಡಿಎಫ್ ರೂಪದಲ್ಲಿರುತ್ತವೆ. ಅವನ್ನು ಕತ್ತರಿಸಲು, ಕೂಡಿಸಲು ಸಿಡಿಒ ಎಂಬ ಉಚಿತ ತಂತ್ರಾಂಶ ಕಲಿಯಿರಿ, ಒಂದು ವಾರದ ಕೆಲಸ. ನಕ್ಷೆಗೆ ಪೈಥಾನ್ ಭಾಷೆ, ಅದರಲ್ಲಿ ಇಂಥ ಕಡತಗಳನ್ನು ಓದುವ ಎಕ್ಸ್‌ಅರೇ. ಕಡತ ತೆರೆದು ಒಳಗೆ ಏನಿದೆ ಅಂತ ಕಣ್ಣಾಡಿಸಲು ನಾಸಾದ ಪನೊಪ್ಲಿ ಸಾಕು.

ಬೇರೆಯವರು ಓಡಿಸಿಟ್ಟದ್ದನ್ನು ಮೊದಲು ಬಳಸಿ

ಕಾರ್ಡೆಕ್ಸ್ ಎಂಬ ಜಾಗತಿಕ ಯೋಜನೆ ಇದೆ. ಪ್ರಪಂಚವನ್ನು ಪ್ರದೇಶಗಳಾಗಿ ಹಂಚಿ, ಪ್ರತಿಯೊಂದಕ್ಕೂ ಹಲವು ಪ್ರಾದೇಶಿಕ ಮಾದರಿಗಳನ್ನು ಒಂದೇ ನಿಯಮದಲ್ಲಿ ಓಡಿಸಿ (ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ), ಫಲಿತಾಂಶವನ್ನು ಎಲ್ಲರಿಗೂ ಬಿಟ್ಟಿದ್ದಾರೆ. ದಕ್ಷಿಣ ಏಷ್ಯಾದ ಕೆಲಸದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಮುಂದೆ ನಿಂತಿದೆ. ಅಲ್ಲಿ ಆರು ಜಾಗತಿಕ ಮಾದರಿಗಳ ಅಂಚಿನ ಮಾಹಿತಿಯಿಂದ ರೆಗ್‌ಸಿಎಂ4 ಎಂಬ ಪ್ರಾದೇಶಿಕ ಮಾದರಿಯನ್ನು ಸುಮಾರು 50 ಕಿ.ಮೀ.ಯಲ್ಲಿ ಓಡಿಸಿದ್ದಾರೆ. ಸುಮಾರು 25 ಕಿ.ಮೀ.ಯ ಓಟಗಳೂ ಸಿಗುತ್ತವೆ.

50 ಕಿ.ಮೀ.ಯಲ್ಲಿ ಕಲಬುರಗಿ ಜಿಲ್ಲೆಗೆ ನಾಲ್ಕು ಚೌಕ, ಬೀದರಿಗೆ ಎರಡು. 25 ಕಿ.ಮೀ.ಯಲ್ಲಿ ಕಲಬುರಗಿಗೆ ಹದಿನೇಳು, ಬೀದರಿಗೆ ಒಂಬತ್ತು, ಯಾದಗಿರಿಗೆ ಎಂಟು. ಹಾಗಂತ ಒಂದೇ ಚೌಕ ಹಿಡಿದು "ಇದು ಸೇಡಂ ಮಳೆ" ಎನ್ನಬೇಡಿ. ಮಾದರಿ ನಿಜವಾಗಿ ಬಿಡಿಸಿ ತೋರಿಸುವುದು ನಾಲ್ಕಾರು ಚೌಕ ಸೇರಿದ ಗಾತ್ರದ ಸಂಗತಿಗಳನ್ನು. ಅಕ್ಕಪಕ್ಕದ ಚೌಕಗಳನ್ನು ಗುಂಪಾಗಿ ನೋಡಿ.

ಈ ಕಡತಗಳಲ್ಲಿ ಮಳೆ ಮಿ.ಮೀ.ನಲ್ಲಿ ಇರುವುದಿಲ್ಲ. ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಕಿಲೋ ನೀರು ಅಂತ ಇರುತ್ತದೆ. 86,400ರಿಂದ ಗುಣಿಸಿದರೆ ದಿನಕ್ಕೆ ಮಿ.ಮೀ. ಆಗುತ್ತದೆ. ಉಷ್ಣತೆ ಕೆಲ್ವಿನ್‌ನಲ್ಲಿರುತ್ತದೆ, 273.15 ಕಳೆಯಿರಿ. ಕೆಲವು ಮಾದರಿಗಳಿಗೆ ಫೆಬ್ರವರಿ 29 ಇಲ್ಲ. ಇನ್ನು ಕೆಲವಕ್ಕೆ ಎಲ್ಲ ತಿಂಗಳಿಗೂ 30 ದಿನ. ನಕ್ಷತ್ರದ ತಾರೀಖು ಹೊಂದಿಸುವಾಗ ಇದು ಕಾಡುತ್ತದೆ.

ದಾಖಲೆಗೂ ಮಾದರಿಗೂ ತಾಳೆ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮಾದರಿ ನಿನ್ನೆಯನ್ನು ಹೇಗೆ ಹೇಳಿದೆ ಅಂತ ತಿಳಿಯದೆ ನಾಳೆಯ ಮಾತನ್ನು ಹೇಗೆ ನಂಬುವುದು?

ಮೊದಲು ಒಂದು ತಿಳಿವಳಿಕೆ. ಜಾಗತಿಕ ಮಾದರಿಯಿಂದ ಓಡಿದ ಫಲಿತಾಂಶದಲ್ಲಿ "1999" ಎಂದಿದ್ದರೆ ಅದು ನಾವು ಕಂಡ 1999 ಅಲ್ಲ. ಆ ಕಾಲದ ಹವಾಮಾನದಲ್ಲಿ ಹೀಗೂ ಒಂದು ವರ್ಷ ಇರಬಹುದಿತ್ತು ಅಷ್ಟೇ. ಹಾಗಾಗಿ ವರ್ಷಕ್ಕೆ ವರ್ಷ ತಾಳೆ ನೋಡಬೇಡಿ. 30 ವರ್ಷದ ಸರಾಸರಿ, ಏರಿಳಿತ, ಒಣ ಸರಣಿಯ ಉದ್ದ, ಇವುಗಳನ್ನು ಹೋಲಿಸಿ. ವರ್ಷಕ್ಕೆ ವರ್ಷ ನೋಡಬೇಕಿದ್ದರೆ ಮರುವಿಶ್ಲೇಷಣೆಯಿಂದ ಓಡಿದ ಪರೀಕ್ಷಾ ಓಟಗಳು ಬೇರೆ ಇರುತ್ತವೆ. ಮರುವಿಶ್ಲೇಷಣೆ ಅಂದರೆ ಹಿಂದೆ ನಿಜವಾಗಿ ಅಳೆದ ಗಾಳಿ, ಒತ್ತಡ, ಉಷ್ಣತೆಯನ್ನೆಲ್ಲ ಮಾದರಿಯೊಳಗೆ ಹೆಣೆದು ಕಟ್ಟಿದ ದಾಖಲೆ. ಯುರೋಪಿನ ಇಆರ್‌ಎ5 ಅಂಥದ್ದು. 1940ರಿಂದ ಗಂಟೆಗಂಟೆಯ ಮಾಹಿತಿ, ಹೆಸರು ನೋಂದಾಯಿಸಿದರೆ ಉಚಿತ.

ಚೌಕಗಳ ಗಾತ್ರ ಹೊಂದಿಸುವಾಗ ಸಣ್ಣದನ್ನು ದೊಡ್ಡದಕ್ಕೆ ತನ್ನಿ, ದೊಡ್ಡದನ್ನು ಸಣ್ಣದಕ್ಕೆ ಹಿಗ್ಗಿಸಬೇಡಿ. ಮಳೆಗೆ ಒಟ್ಟು ನೀರು ಹೆಚ್ಚುಕಡಿಮೆಯಾಗದಂತೆ ಹಂಚುವ ವಿಧಾನ ಬಳಸಿ, ಸಿಡಿಒದಲ್ಲಿ ಅದು ಇದೆ. ಒಣ ಸರಣಿ ಎಣಿಸುವ ಆದೇಶವೂ ಇದೆ. ಆದರೆ ಅದನ್ನು ಸುಮ್ನೆ ಬಿಟ್ಟರೆ 1 ಮಿ.ಮೀ.ಯನ್ನು ಗೆರೆಯಾಗಿ ಹಿಡಿಯುತ್ತದೆ. 2.5 ಎಂದು ನೀವೇ ಹೇಳಬೇಕು.

ಹೊತ್ತಿನ ವಿಷಯ ಇನ್ನೂ ಮುಖ್ಯ. ನಮ್ಮಲ್ಲಿ ಮಳೆ ಅಳೆಯುವುದು ಬೆಳಗ್ಗೆ 8:30ಕ್ಕೆ, ಹಿಂದಿನ 24 ಗಂಟೆಯದು. ಅಂದರೆ ಗ್ರೀನಿಚ್ ಹೊತ್ತು ನಸುಕಿನ 3 ಗಂಟೆ. ಮಾದರಿಯ ದಿನ ಗ್ರೀನಿಚ್ ನಡುರಾತ್ರಿಗೆ ಶುರುವಾಗುತ್ತದೆ. ಇಂದು ಸಂಜೆ ಬಿದ್ದ ಗುಡುಗು ಮಳೆ ಇಲಾಖೆಯ ದಾಖಲೆಯಲ್ಲಿ ನಾಳೆಯ ತಾರೀಖಿಗೆ ಬರುತ್ತದೆ, ಮಾದರಿಯಲ್ಲಿ ಇಂದಿಗೇ ಇರುತ್ತದೆ. ಇದನ್ನು ಗಮನಿಸದೆ ನಾನು ಎರಡು ತಿಂಗಳು ಕಳೆದುಕೊಂಡಿದ್ದೇನೆ. ಮಾದರಿ ಮಳೆಯನ್ನು ಪ್ರತಿಸಲ ಒಂದು ದಿನ ಮೊದಲೇ ತರುತ್ತಿದೆ ಎಂದು ನಂಬಿ, ಕಾರಣವನ್ನು ಮಾದರಿಯೊಳಗೆ ಹುಡುಕುತ್ತಿದ್ದೆ. ಗಂಟೆಯ ಮಾಹಿತಿ ಇದ್ದರೆ 8:30ರಿಂದ 8:30ಕ್ಕೆ ನೀವೇ ಕೂಡಿಸಿ.

ಇಷ್ಟೆಲ್ಲ ಆದ ಮೇಲೆ ನಕ್ಷೆ ತೆಗೆದರೆ ಸಾಮಾನ್ಯವಾಗಿ ಒಂದು ಸಂಗತಿ ಕಾಣುತ್ತದೆ. ಮಾದರಿಗಳು ತುಂತುರನ್ನು ಜಾಸ್ತಿ ದಿನ ಸುರಿಸುತ್ತವೆ, ಜೋರು ಮಳೆಯನ್ನು ಕಡಿಮೆ ಮಾಡುತ್ತವೆ. ತಿಂಗಳ ಮೊತ್ತ ಸರಿ ಬಂದರೂ ಒಣ ಸರಣಿ ಮಾಯವಾಗಿರುತ್ತದೆ. ಮೊತ್ತ ಮಾತ್ರ ನೋಡಿ "ಮಾದರಿ ಚೆನ್ನಾಗಿದೆ" ಎಂದು ಬರೆದ ಪ್ರಬಂಧಗಳನ್ನು ಓದುವಾಗ ಬೇಸರವಾಗುತ್ತದೆ. ತೊಗರಿ ಬೆಳೆಯುವವನಿಗೆ ಮೊತ್ತದಿಂದ ಹೊಟ್ಟೆ ತುಂಬುವುದಿಲ್ಲ, ಅಲ್ವಾ?

ಈಗ ಸ್ವಂತ ಓಟ

ಸ್ವಂತವಾಗಿ ಓಡಿಸುವುದು ಯಾವಾಗ? ಸಿದ್ಧ ಫಲಿತಾಂಶ ನಿಮ್ಮ ಪ್ರಶ್ನೆಗೆ ಉತ್ತರ ಕೊಡದಿದ್ದಾಗ ಮಾತ್ರ. ಉದಾಹರಣೆಗೆ, ನಾರಾಯಣಪುರದ ಕಾಲುವೆ ನೀರಿನಿಂದ ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆಗಳು ಹಬ್ಬಿದವು. ಮಾದರಿಯ ಜೊತೆ ಬರುವ ಭೂಬಳಕೆ ನಕ್ಷೆಯಲ್ಲಿ ಆ ಜಾಗ ಒಣ ಬೇಸಾಯದ ಹೊಲವಾಗಿಯೇ ಇರಬಹುದು. ಒದ್ದೆ ಗದ್ದೆ ಬೇಸಿಗೆಯ ಬಿಸಿಯನ್ನು, ಗಾಳಿಯ ತೇವವನ್ನು ಎಷ್ಟು ಬದಲಿಸುತ್ತದೆ ಎಂದು ನೋಡಲು ನಕ್ಷೆ ತಿದ್ದಿ ನೀವೇ ಓಡಿಸಬೇಕು.

ನಮ್ಮಂಥವರಿಗೆ ರೆಗ್‌ಸಿಎಂ ಒಳ್ಳೆಯ ಆಯ್ಕೆ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಮಾದರಿಯನ್ನು ಈಗ ಇಟಲಿಯ ಟ್ರಿಯೆಸ್ಟೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ನೋಡಿಕೊಳ್ಳುತ್ತಿದೆ. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಆ ಕೇಂದ್ರವನ್ನು ಕಟ್ಟಿದ್ದೇ ಬಡ ದೇಶಗಳ ವಿಜ್ಞಾನಿಗಳು ಒಂಟಿಯಾಗಬಾರದು ಎಂದು. ಈಗಲೂ ಅಲ್ಲಿ ತರಬೇತಿಗಳು ನಡೆಯುತ್ತವೆ, ಹಿಂದುಳಿದ ದೇಶಗಳಿಂದ ಹೋಗುವವರಿಗೆ ನೆರವೂ ಇದೆ. ಅರ್ಜಿ ಹಾಕಿ. ಡಬ್ಲ್ಯೂಆರ್‌ಎಫ್ ಎಂಬ ಇನ್ನೊಂದು ಮಾದರಿ ಕೂಡ ಉಚಿತ. ಅದನ್ನು ಬಲ್ಲವರು ಸುತ್ತಮುತ್ತ ಜಾಸ್ತಿ ಇದ್ದರೆ ಅದನ್ನೇ ಹಿಡಿಯಿರಿ. ಸಿಕ್ಕಿಹಾಕಿಕೊಂಡಾಗ ಕೇಳಲು ಒಬ್ಬರು ಇರುವುದು ದೊಡ್ಡ ಬಲ.

ಮೊದಲು ಕ್ಷೇತ್ರ, ಅಂದರೆ ಮಾದರಿ ಲೆಕ್ಕ ಹಾಕುವ ಭೂಭಾಗ, ಗೊತ್ತು ಮಾಡಿ. ಬರೀ ನಮ್ಮ ಮೂರು ಜಿಲ್ಲೆ ಹಾಕಿದರೆ ಪ್ರಯೋಜನವಿಲ್ಲ. ನಮಗೆ ಮಳೆ ತರುವುದು ಅರಬ್ಬಿ ಸಮುದ್ರದ ಗಾಳಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. 2020ರ ಅಕ್ಟೋಬರಿನಲ್ಲಿ ಕೊಲ್ಲಿಯಿಂದ ಆಂಧ್ರದ ಕರಾವಳಿ ದಾಟಿ ತೆಲಂಗಾಣದ ಮೇಲೆ ಹಾದು ಬಂದ ಕುಸಿತ ನಮ್ಮಲ್ಲಿ ಸುರಿದದ್ದು, ಭೀಮೆ ಉಕ್ಕಿದ್ದು ಕಣ್ಣಮುಂದಿದೆ. ಆ ದಾರಿಯೆಲ್ಲ ಕ್ಷೇತ್ರದೊಳಗೆ ಬರಬೇಕು. ಪೂರ್ವ ರೇಖಾಂಶ 65ರಿಂದ 95, ಉತ್ತರ ಅಕ್ಷಾಂಶ 5ರಿಂದ 25 ಒಂದು ಒಳ್ಳೆಯ ಶುರು. ಅಂಚು ಘಟ್ಟದ ಮೇಲೆ, ಹಿಮಾಲಯದ ಮೇಲೆ ಹಾಯಬಾರದು. ಅಂಚಿನ ಹತ್ತು ಹನ್ನೆರಡು ಚೌಕಗಳ ಫಲಿತಾಂಶವನ್ನು ಬಳಸಬೇಡಿ. 25 ಕಿ.ಮೀ.ಯಲ್ಲಿ ಇದು ಸುಮಾರು 128ಕ್ಕೆ 89 ಚೌಕ, ಮೇಲಕ್ಕೆ 18 ಅಥವಾ 23 ಪದರ.

ಚೌಕವನ್ನು ಅರ್ಧ ಮಾಡಿದರೆ ಕೆಲಸ ಎರಡು ಪಟ್ಟಲ್ಲ, ಎಂಟು ಪಟ್ಟು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಮಾದರಿ ಒಂದು ಸಲಕ್ಕೆ ಮುಂದೆ ಸರಿಯುವ ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಇನ್ನೊಂದು ಎರಡು. ಆದ್ದರಿಂದ ಮೊದಲು 50 ಕಿ.ಮೀ.ಯಲ್ಲಿ ಐದು ದಿನ ಓಡಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟು, ಪೂರ್ತಿ ಓಟಕ್ಕೆ ಗುಣಿಸಿ ನೋಡಿ. ಉತ್ತರ ಆರು ತಿಂಗಳು ಅಂತ ಬಂದರೆ ಯೋಜನೆಯನ್ನು ಈಗಲೇ ತಿದ್ದಿ.

ಓಟದ ಕ್ರಮ ಹೀಗೆ: ಭೂಮಿಯ ಎತ್ತರ, ಭೂಬಳಕೆಯ ಕಡತ ಕಟ್ಟುವುದು, ಸಮುದ್ರದ ಮೇಲ್ಮೈ ಉಷ್ಣತೆ ಸೇರಿಸುವುದು, ಇಆರ್‌ಎ5ರಿಂದ ಆರಂಭದ ಹಾಗೂ ಅಂಚಿನ ಮಾಹಿತಿ ಸಿದ್ಧ ಮಾಡುವುದು, ಕೊನೆಗೆ ಮಾದರಿ. ಎಲ್ಲ ಆಯ್ಕೆಗಳೂ ಒಂದೇ ಪಠ್ಯ ಕಡತದಲ್ಲಿರುತ್ತವೆ. ಪ್ರತಿ ಓಟದ ಆ ಕಡತವನ್ನು ತಾರೀಖು ಹಾಕಿ ಜೋಪಾನ ಮಾಡಿ.

ತಲೆ ಕೆಡಿಸುವ ಆಯ್ಕೆ ಎಂದರೆ ಗುಡುಗು ಮೋಡದ್ದು. ಒಂದು ಗುಡುಗು ಮೋಡ 25 ಕಿ.ಮೀ. ಚೌಕಕ್ಕಿಂತ ಸಣ್ಣದು. ಮಾದರಿ ಅದನ್ನು ನೇರವಾಗಿ ಕಾಣದು, ಸೂತ್ರದಿಂದ ಅಂದಾಜು ಮಾಡುತ್ತದೆ. ಗ್ರೆಲ್, ಎಮ್ಯಾನುಯೆಲ್, ಟೀಟ್ಕೆ ಹೀಗೆ ಹಲವು ಸೂತ್ರಗಳಿವೆ. ಸಮುದ್ರದ ಮೇಲೊಂದು, ನೆಲದ ಮೇಲೊಂದು ಬಳಸುವುದೂ ಉಂಟು. ಯಾರೋ ಬಳಸಿದ್ದಾರೆ ಅಂತ ಆರಿಸಬೇಡಿ. 2015ರ ಬರದ ಮುಂಗಾರನ್ನೂ 2020ರ ಅತಿವೃಷ್ಟಿಯನ್ನೂ ಎಲ್ಲ ಸೂತ್ರದಲ್ಲಿ ಓಡಿಸಿ. ಆಮೇಲೆ 2009. ಮೊದಲು ಬರ, ಕೊನೆಗೆ ನೆರೆ ಎರಡನ್ನೂ ಒಂದೇ ವರ್ಷದಲ್ಲಿ ಹಿಡಿಯುವ ಸೂತ್ರ ನಮಗೆ ಬೇಕಾದದ್ದು.

ಮಣ್ಣಿನ ತೇವ ತನ್ನ ಹದಕ್ಕೆ ಬರಲು ಮಾದರಿಗೆ ಸಮಯ ಬೇಕು. ನಮ್ಮ ಎರೆ ಭೂಮಿಯಂತೂ ನೀರು ಹಿಡಿದಿಟ್ಟುಕೊಳ್ಳುವ ಮಣ್ಣು. ದೊಡ್ಡ ಓಟದಲ್ಲಿ ಮೊದಲ ಒಂದು ವರ್ಷದ ಫಲಿತಾಂಶ ಬಿಟ್ಟುಬಿಡಿ.

ಕರೆಂಟ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಓಟ ಇಟ್ಟುಕೊಳ್ಳಬೇಡಿ. ಕರೆಂಟೂ ಹೋಗುತ್ತದೆ, ಯಂತ್ರವೂ ಬಿಸಿಯೇರುತ್ತದೆ. ಒಮ್ಮೆ ಹದಿನೊಂದನೇ ದಿನ ಕರೆಂಟ್ ಹೋಗಿ ನನ್ನ ಓಟವೆಲ್ಲ ಹಾಳಾಯಿತು. ಮಾದರಿಗೆ ಪ್ರತಿ ತಿಂಗಳ ಕೊನೆಗೆ ತನ್ನ ಸ್ಥಿತಿಯನ್ನು ಉಳಿಸುವ ಸೌಲಭ್ಯ ಇದೆ. ಅದನ್ನು ಹಾಕಿಟ್ಟರೆ ನಿಂತಲ್ಲಿಂದ ಮತ್ತೆ ಓಡಿಸಬಹುದು. ಒಂದು ಯುಪಿಎಸ್, ಎರಡು ಬೇರೆ ಬೇರೆ ಹಾರ್ಡ್‌ ಡಿಸ್ಕ್‌ನಲ್ಲಿ ಪ್ರತಿ, ಇವು ಖರ್ಚಿನ ಪಟ್ಟಿಯಲ್ಲಿ ಮೊದಲೇ ಇರಲಿ.

ತಿದ್ದುವುದು, ಮುಂದಿನದನ್ನು ನೋಡುವುದು

ಮಾದರಿಯ ಮಳೆಯಲ್ಲಿ ಪಕ್ಷಪಾತ, ಅಂದರೆ ಒಂದೇ ಕಡೆಗೆ ವಾಲುವ ತಪ್ಪು, ಇದ್ದೇ ಇರುತ್ತದೆ. ಅದನ್ನು ತಿದ್ದಲು ಮಾದರಿಯ ಸಣ್ಣ, ದೊಡ್ಡ ಮಳೆಗಳ ಹಂಚಿಕೆಯನ್ನು ದಾಖಲೆಯ ಹಂಚಿಕೆಗೆ ಹೊಂದಿಸುವ ವಿಧಾನ ಬಳಕೆಯಲ್ಲಿದೆ. ಆದರೆ ನಮ್ಮ ಪ್ರಶ್ನೆಗೆ ಅದು ಅರ್ಧ ಮದ್ದು. ಎಷ್ಟು ಬಿತ್ತು ಎಂಬುದನ್ನು ಅದು ಸರಿ ಮಾಡುತ್ತದೆ. ಯಾವ ದಿನದ ಹಿಂದೆ ಯಾವ ದಿನ ಬಂತು ಎಂಬ ಸಾಲನ್ನು ಸರಿ ಮಾಡುವುದಿಲ್ಲ. ಒಣ ಸರಣಿ ಎಂದರೆ ಸಾಲೇ ಅಲ್ವಾ? ಹಾಗಾಗಿ ತಿದ್ದಿದ ಮೇಲೆ ಒಣ ಸರಣಿಗಳನ್ನು ಮತ್ತೊಮ್ಮೆ ಎಣಿಸಿ. ಒಂದಷ್ಟು ವರ್ಷಗಳಲ್ಲಿ ತಿದ್ದುವುದನ್ನು ಕಲಿಸಿ, ಬೇರೆ ವರ್ಷಗಳಲ್ಲಿ ಪರೀಕ್ಷೆ ಮಾಡಿ. ಕಲಿಸಿದ ವರ್ಷದಲ್ಲೇ ಪರೀಕ್ಷೆ ಇಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟಂತೆ.

ಮುಂದಿನ ಕಾಲಕ್ಕೆ ಒಂದೇ ಮಾದರಿಯ ಮಾತು ಕೇಳಬೇಡಿ. ಆರು ಮಾದರಿ ಇದ್ದರೆ ಆರನ್ನೂ ನೋಡಿ. ಎಷ್ಟು ಮಾದರಿಗಳು ಒಣ ಸರಣಿ ಉದ್ದವಾಗುತ್ತದೆ ಅಂತ ಹೇಳುತ್ತವೆ, ಎಷ್ಟು ಇಲ್ಲ ಅನ್ನುತ್ತವೆ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದನ್ನು ಹಾಗೇ ಬರೆಯಿರಿ. ಭೂಮಿಯನ್ನು ಬಿಸಿ ಮಾಡುವ ಹೊಗೆ ಮುಂದೆ ಹೆಚ್ಚುವ ದಾರಿ, ತಗ್ಗುವ ದಾರಿ ಎರಡನ್ನೂ ಇಡಿ. ಮಾದರಿಗಳು ಒಪ್ಪದಿದ್ದರೆ ಅದನ್ನೂ ಫಲಿತಾಂಶವೆಂದೇ ಬರೆಯಿರಿ. ಸರಾಸರಿ ಹಾಕಿ ಭಿನ್ನಾಭಿಪ್ರಾಯ ಮುಚ್ಚಬೇಡಿ.

ಊರಿಗೆ ಒಯ್ಯುವುದು

ಪ್ರಬಂಧ ಕಳಿಸುವ ಮುಂಚೆ ಒಂದು ಹಾಳೆ ಮಾಡಿ. ಎಡಗಡೆ ನಕ್ಷತ್ರದ ಹೆಸರು, ಬಲಗಡೆ ಕಳೆದ 30 ವರ್ಷದಲ್ಲಿ ನಿಮ್ಮ ದಾಖಲೆ ಕಂಡ ಅತಿ ಉದ್ದದ ಒಣ ಸರಣಿ, ಅದು ಬಂದ ವರ್ಷ. ಪಕ್ಕದಲ್ಲಿ ಮಾದರಿಗಳು ಹೇಳುವ ಕನಿಷ್ಠ, ಗರಿಷ್ಠ. ಅದನ್ನು ಹಿಡಿದು ಚಿಂಚೋಳಿಗೋ ಭಾಲ್ಕಿಗೋ ಹೋಗಿ, ಹಿರಿಯರ ಮುಂದೆ ಮೊದಲು ವರ್ಷಗಳನ್ನಷ್ಟೇ ಓದಿ. "ಆ ವರ್ಷ ಅಲ್ಲಪ್ಪ, ಅದರ ಮುಂದಿನ ವರ್ಷ ಹುಬ್ಬಿ ಒಣಗಿತ್ತು" ಎಂದು ಯಾರಾದರೂ ತಿದ್ದಿದರೆ ಬರೆದುಕೊಂಡು ಬನ್ನಿ. ಹತ್ತಿರದ ಮಳೆಮಾಪಕದ ಮೂಲ ಅಂಕಿಗಳನ್ನು ಮತ್ತೆ ತೆರೆದು ನೋಡಿ.